ರಸಮಟ್ಟ ನೋಡಿ ತೆಗೆದದ್ದು

ಹೆರ್ನವೀರ್, ಫ್ರಿಸ್‌ಲ್ಯಾಂಡ್
8 ಮಾರ್ಚ್ 1998

ಮಾನ್ಯ ವಿಬ್ರೆನ್ ಹೋಕೆಮಾ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ, ನಮ್ಮಪ್ಪನ ಪರಿಚಯ ಇರಬಹುದು. ಹೆರ್ನವೀರ್ ಚರ್ಚಿನ ಗಂಟೆ ಬಾರಿಸುತ್ತಿದ್ದ ದೌವೆ ಬೂರ್ಸ್ಮಾ ಅವರ ಮಗಳು ಹಿಸ್ಕೆ ನಾನು. ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಇಲ್ಲಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬಿಡುವಿದ್ದಾಗ ಫೋಟೋ ತೆಗೆದು ಬಚ್ಚಲುಮನೆಯಲ್ಲೇ ಫಿಲ್ಮ್ ತೊಳೆಯುತ್ತೇನೆ. ಅಮ್ಮನಿಗೆ ಆ ವಾಸನೆ ಆಗುವುದಿಲ್ಲ.

ನಮ್ಮ ಗಂಟೆಗೋಪುರಕ್ಕೆ ಮುನ್ನೂರು ತುಂಬಿದಾಗ, 1976ರಲ್ಲಿ, ನೀವು ತೆಗೆದ ಫೋಟೋ ಕ್ಯಾಲೆಂಡರ್ ಆಗಿ ಊರಿನ ಪ್ರತಿ ಮನೆಗೂ ಬಂತು. ತಿಂಗಳ ಹಾಳೆಗಳು ಹೋದವು, ಫೋಟೋ ಮಾತ್ರ ಇನ್ನೂ ಎಲ್ಲರ ಗೋಡೆಯ ಮೇಲಿದೆ. ನಮ್ಮ ಅಡುಗೆಮನೆಯಲ್ಲಿ ಗಡಿಯಾರದ ಕೆಳಗೆ. ಗೋಪುರದ ಒಂದೊಂದು ಇಟ್ಟಿಗೆಯನ್ನೂ ಎಣಿಸಬಹುದು. ಅಕ್ಕಪಕ್ಕದ ಮನೆಗಳು, ಮರಗಳು ಮಾತ್ರ ಹಾಲಿನಲ್ಲಿ ನೆನೆದ ಬ್ರೆಡ್ಡಿನಂತೆ ಮೆತ್ತಗಾಗಿವೆ. ಬಾಗಿಲ ಬಳಿ ಅಪ್ಪ ನಿಂತಿದ್ದಾರೆ. ಮೊಣಕಾಲಿನಿಂದ ಕೆಳಗೆ ಚಿತ್ರ ಕತ್ತರಿಸಿದೆ. ಬಲಗೈಯಲ್ಲಿ ಬಾಗಿಲ ಬಳೆ ಹಿಡಿದು, ಸಿಪಾಯಿಯ ಹಾಗೆ ನೆಟ್ಟಗೆ ನಿಂತು, ನಗು ತಡೆದುಕೊಂಡವರ ಮುಖ. ಯಾಕೆ ಆ ನಗು ಎಂದು ಕೇಳಿದರೆ "ಗಾಳಿ ಕಣಮ್ಮ, ಗಾಳಿ" ಅನ್ನುತ್ತಿದ್ದರು.

ಗೋಪುರ ಒಂದನ್ನೇ ಸ್ಪಷ್ಟವಾಗಿ ಉಳಿಸಿ ಸುತ್ತಲಿನದ್ದನ್ನೆಲ್ಲ ಕರಗಿಸಿದ್ದು ಹೇಗೆ? ಇದು ತಿಳಿದರೆ ನನಗೆ ದೊಡ್ಡ ಉಪಕಾರ.

ಹಿಸ್ಕೆ ಬೂರ್ಸ್ಮಾ

*

ಉಟ್ನೆ, ಹಾರ್ಡಂಗರ್, ನಾರ್ವೆ
21 ಮಾರ್ಚ್ 1998

ಹಿಸ್ಕೆ,

ಕಾಲುವೆ ದಂಡೆಯಲ್ಲಿ ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಿದ್ದ ಎಂಟು ವರ್ಷದ ಹುಡುಗಿಗೆ ಬಹುವಚನದಲ್ಲಿ ಬರೆಯುವುದು ನನ್ನಿಂದಾಗದು. ಬೇಸರ ಮಾಡಿಕೊಳ್ಳಬೇಡ.

ದೌವೆ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಆಗಲೇ ನಿಮ್ಮಮ್ಮ ಗೇಸ್ಕೆಗೆ ನಾಲ್ಕು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಅದಕ್ಕೆ ಕಾರಣ ಹೇಳುತ್ತ ಕೂರುವುದಿಲ್ಲ.

ನೀನು ಕೇಳಿದ್ದರಲ್ಲಿ ಮಾಯೆಯೇನಿಲ್ಲ. ಆ ಲೆನ್ಸಿಗೆ ಎರಡು ತಿರುಪುಗಳಿವೆ. ಎತ್ತರದ ಗೋಪುರವನ್ನು ತೆಗೆಯಲು ಕ್ಯಾಮೆರಾ ತಲೆಯೆತ್ತಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಮೊದಲ ತಿರುಪು ತಿರುಗಿಸಿದರೆ ಲೆನ್ಸು ಮಾತ್ರ ಮೇಲಕ್ಕೆ ಸರಿಯುತ್ತದೆ. ತಲೆಯೆತ್ತದೆ ಕಣ್ಣನ್ನಷ್ಟೇ ಮೇಲೆತ್ತಿದ ಹಾಗೆ. ಕಟ್ಟಡದ ಗೆರೆಗಳು ಇದ್ದ ಹಾಗೇ ಉಳಿಯುತ್ತವೆ. ಎರಡನೆಯ ತಿರುಪಿಗೆ ಲೆನ್ಸು ಕತ್ತು ಹೊರಳಿಸುತ್ತದೆ. ಆಗ ಒಂದು ಪಟ್ಟಿ ಸ್ಪಷ್ಟವಾಗಿ ನಿಂತು ಉಳಿದದ್ದೆಲ್ಲ ಮಸುಕಾಗುತ್ತದೆ.

ನಾನು ಮೊದಲ ತಿರುಪಿನ ಮನುಷ್ಯ. ಪ್ರಾಂತ್ಯದ ಸ್ಮಾರಕ ಕಚೇರಿಗೆ ಹನ್ನೊಂದು ನೂರು ಕಟ್ಟಡಗಳನ್ನು ತೆಗೆದಿದ್ದೇನೆ. ಕ್ಯಾಮೆರಾ ನೆಟ್ಟಗಿದೆಯೇ ಎಂದು ತೋರುವ ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ಬಂದು ನಿಲ್ಲದೆ ಗುಂಡಿ ಒತ್ತಿದವನಲ್ಲ. ಪ್ರತಿ ಪ್ರಿಂಟಿನ ಬೆನ್ನಿಗೂ "ರಸಮಟ್ಟ ನೋಡಿ ತೆಗೆದದ್ದು, ವಿ. ಹೋಕೆಮಾ" ಎಂಬ ಮೊಹರು. ಫೋಟೋ ಸಂಘದ ಗೆಳೆಯರು ನನ್ನನ್ನು "ಗುಮಾಸ್ತ" ಎಂದೇ ಕರೆಯುತ್ತಿದ್ದರು. ಎರಡನೆಯ ತಿರುಪನ್ನು ಜೀವನದಲ್ಲಿ ಒಂದೇ ಸಲ ಮುಟ್ಟಿದ್ದು, ನಿಮ್ಮೂರಲ್ಲಿ.

ಎರಡು ವರ್ಷದಿಂದ ಕೈ ನಡುಗುತ್ತಿದೆ. ಪೆಟ್ಟಿಗೆಯಲ್ಲಿ ಕೂತ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಅಂಚೆಯಲ್ಲಿ ನಿನಗೇ ಕಳಿಸಿದ್ದೇನೆ. ಧನ್ಯವಾದ ಬರೆಯಬೇಡ, ಫೋಟೋ ಕಳಿಸು.

ವಿಬ್ರೆನ್

*

ಹೆರ್ನವೀರ್
3 ಮೇ 1998

ವಿಬ್ರೆನ್ ಅವರೇ,

ಬೇಡವೆಂದರೂ ಧನ್ಯವಾದ ಬರೆಯುತ್ತಿದ್ದೇನೆ. ಪೊಟ್ಟಣ ಬಿಚ್ಚಿದಾಗ ಅಮ್ಮ ಅಂದಳು: "ನಿಮ್ಮಪ್ಪ ಸತ್ಮೇಲೂ ನಿನಗೆ ಉಡುಗೊರೆ ಕಳಿಸ್ತಾನಲ್ಲ." ಹಾಗೆಯೇ ನನಗೂ ಅನ್ನಿಸಿತು. ಜೊತೆಗೆ ಸೋಂಪಿನ ಬಿಸ್ಕತ್ತು ಇಟ್ಟಿದ್ದೇನೆ. ಅಮ್ಮನದು, ಹಲ್ಲು ಗಟ್ಟಿಯಿದ್ದರೆ ತಿನ್ನಿ.

ಮೊದಲು ಸೋತದ್ದನ್ನು ಹೇಳುತ್ತೇನೆ. ನೀವು ನಿಂತಿದ್ದ ಜಾಗ ಹುಡುಕಿ, ಕಾಲುವೆಯ ಈಚೆ ದಡದಲ್ಲಿ ಮುಕ್ಕಾಲಿ ಊರಿ, ಗುಳ್ಳೆಯನ್ನು ನಡುವೆ ನಿಲ್ಲಿಸಿ ಗೋಪುರ ತೆಗೆದೆ. ಮೂರು ರೀಲು ಖರ್ಚಾಯಿತು. ನಿಮ್ಮ ಫೋಟೋದಲ್ಲಿ ಗೋಪುರ ಒಂದು ಗೇಣಿನಷ್ಟು ವಾಲಿದೆಯೋ ಇಲ್ಲವೋ ಅನ್ನುವ ಹಾಗಿದೆ. ನನ್ನದರಲ್ಲಿ ಕುಡಿದು ಮನೆಗೆ ಹೊರಟವನ ಹಾಗೆ ಪೂರ್ತಿ ವಾಲಿದೆ. ನಾನೆಲ್ಲಿ ತಪ್ಪುತ್ತಿದ್ದೇನೆ?

ಇನ್ನೊಂದು ಫೋಟೋ ನನಗೇ ಇಷ್ಟವಾಯಿತು. ಗೋಪುರದ ಮೇಲೆ ಗಂಟೆಯ ಪಕ್ಕದ ಕಿಂಡಿಯಿಂದ ಕೆಳಗೆ ನೋಡುತ್ತ, ನಿಮ್ಮ ಎರಡನೆಯ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಊರೆಲ್ಲ ಆಟಿಕೆಯಾಯಿತು. ಹಸುಗಳು ಬೊಂಬೆ ಹಸುಗಳು. ನಡುವಿನ ಪಟ್ಟಿಯಲ್ಲಿ ಅಮ್ಮ, ಹೆಬ್ಬೆರಳಿನಷ್ಟು, ಬಟ್ಟೆ ಒಣಹಾಕುತ್ತಿದ್ದಾಳೆ. ಅವಳ ಕಾಲಬಳಿ ಕಾಣುವುದು ಅಪ್ಪನ ಮರದ ಬೂಟು, ಬಟ್ಟೆ ಕ್ಲಿಪ್ಪು ತುಂಬುವುದಕ್ಕೆ.

ಆ ಬೂಟಿನದೊಂದು ಕಥೆ. ಬಲಗಾಲಿನದು ಮಾತ್ರ ಇದೆ. ನಾನು ಚಿಕ್ಕವಳಿದ್ದಾಗ ಒಂದು ದಿನ ಅಪ್ಪ ಎಡಗಾಲಲ್ಲಿ ಒದ್ದೆ ಕಾಲುಚೀಲ ಮಾತ್ರ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದೆಲ್ಲಿ ಅಂದರೆ ಬಾಯಿ ಬಿಡಲಿಲ್ಲ. ಅಪ್ಪ ಸಾಯುವವರೆಗೂ ಅಮ್ಮ ಪಕ್ಕದೂರಿನ ಹೆಸರೆತ್ತಿ ಚುಚ್ಚಿದಳು: "ಬೋಲ್ತಮ್‌ನಲ್ಲಿ ಯಾವಳ ಬಾಗಿಲಲ್ಲಿ ಬಿಟ್ಬಂದೆ, ಹೇಳು." ತಮಾಷೆಯಾಗೇ ಹೇಳುತ್ತಿದ್ದಳು, ಆದರೆ ಪೂರ್ತಿ ತಮಾಷೆಯಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ ಆ ಬೂಟನ್ನು ನೋಡುತ್ತ ಕೂತಿದ್ದಳು.

ನಿಮ್ಮ ಹಿಸ್ಕೆ

*

ಉಟ್ನೆ
19 ಮೇ 1998

ಹಿಸ್ಕೆ,

ಬಿಸ್ಕತ್ತು ತಿಂದೆ. ಒಂದು ಹಲ್ಲು ಅಲ್ಲಾಡುತ್ತಿದೆ, ಗೇಸ್ಕೆಗೆ ತಿಳಿಸು.

ಗೋಪುರ ಬಿಡು. ಒಬ್ಬರು ತೆಗೆದದ್ದನ್ನೇ ಇನ್ನೊಬ್ಬರು ತೆಗೆಯುವುದು ಯಾಕೆ? ಗುಳ್ಳೆ ಸರಿ ನೋಡಿರಲಿಕ್ಕಿಲ್ಲ, ಅಥವಾ ದಡ ಕುಸಿದಿರಬೇಕು. ಏನಾದರೂ ಇರುತ್ತದೆ.

ಆಟಿಕೆ ಊರಿನ ಫೋಟೋ ನೋಡಿ ಮೊದಲು ಮೂಗು ಮುರಿದೆ. ನಮ್ಮ ಕಾಲದಲ್ಲಿ ಇದನ್ನು ಮಕ್ಕಳಾಟ ಅನ್ನುತ್ತಿದ್ದೆವು. ನನ್ನ ಹೆಂಡತಿ ರಾಗ್ನ್‌ಹಿಲ್ಡ್ ಅದನ್ನು ಕಿಟಕಿಯ ಮೇಲೆ ನಿಲ್ಲಿಸಿದಳು. ಈಗ ಕಾಫಿ ಕುಡಿಯುವಾಗಲೆಲ್ಲ ನೋಡುತ್ತೇನೆ. ಅಷ್ಟು ಎತ್ತರದಿಂದ ನೋಡಿಯೂ ನಿಮ್ಮಮ್ಮನನ್ನು ಸಣ್ಣವಳನ್ನಾಗಿ ಮಾಡಿಲ್ಲ ನೀನು. ಹನ್ನೊಂದು ನೂರರಲ್ಲಿ ನನ್ನದೊಂದು ಫೋಟೋವೂ ಹೀಗೆ ಯಾರನ್ನೂ ಪ್ರೀತಿಸಿದ್ದಿಲ್ಲ.

ಆ ಬೂಟನ್ನು ಭೂತಗನ್ನಡಿ ಹಿಡಿದು ನೋಡಿದೆ. ನಿಮ್ಮಮ್ಮನಿಗೆ ಹೇಳು... ಬೇಡ, ಏನೂ ಹೇಳಬೇಡ. ಚೆನ್ನಾಗಿರಲಿ.

ವಿಬ್ರೆನ್

*

ಹೆರ್ನವೀರ್
30 ಜೂನ್ 1998

ವಿಬ್ರೆನ್ ಅವರೇ,

ಇಲ್ಲಿ ಕೆಟ್ಟ ಸುದ್ದಿ, ಅದಕ್ಕೆ ಕಾರಣ ನಾನೇ ಎಂದು ಸಂಕಟವಾಗುತ್ತಿದೆ.

ನನ್ನ ಫೋಟೋಗಳನ್ನು ಶಾಲೆಯ ಹಜಾರದಲ್ಲಿ ತೂಗುಹಾಕಿದ್ದೆ. ಚರ್ಚಿನ ಛಾವಣಿ ನೋಡಲು ಬಂದಿದ್ದ ಎಂಜಿನಿಯರ್ ರೊಮ್ಮರ್ಟ್ ಅಲ್ಲಿ ನನ್ನ ಗೋಪುರದ ಮುಂದೆ ಬಹಳ ಹೊತ್ತು ನಿಂತ. ಅದೇ ಜಾಗ, ಅದೇ ಲೆನ್ಸು ಎಂದು ನಾನೇ ಜಂಬದಿಂದ ಹೇಳಿದೆ. ಅವನು ಸ್ಮಾರಕ ಕಚೇರಿಯ ಕಡತದಿಂದ ನಿಮ್ಮ ಪ್ರಿಂಟನ್ನು ತರಿಸಿದ. ಬೆನ್ನಿಗೆ ನಿಮ್ಮ ಮೊಹರಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದ. ಆಗ ಒಂದು ಗೇಣು ವಾಲಿದ್ದದ್ದು ಈಗ ಒಂದು ಮೀಟರ್ ಮೇಲೆ ಹತ್ತು ಸೆಂಟಿಮೀಟರ್. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಜರುಗಿದ್ದರೆ ಈ ಚಳಿಗಾಲ ದಾಟುವುದೂ ಖಾತ್ರಿಯಿಲ್ಲವಂತೆ. ಸೆಪ್ಟೆಂಬರ್ 14ಕ್ಕೆ ಗಂಟೆ ಇಳಿಸಿ ಗೋಪುರ ಬಿಚ್ಚುತ್ತಾರೆ.

ತಪ್ಪು ನನ್ನ ಕೈಯದಲ್ಲ ಎಂದು ತಿಳಿದಾಗ ಒಂದು ಕ್ಷಣ ಖುಷಿಯಾಯಿತು. ಆ ಖುಷಿಗೆ ಈಗಲೂ ನಾಚಿಕೆಪಡುತ್ತೇನೆ.

ಊರಲ್ಲಿ ಜಗಳ ಶುರುವಾಗಿದೆ. ಅರ್ಧ ಜನ "ಹೌದಪ್ಪ, ಆಗ ಬಹುಪಾಲು ನೆಟ್ಟಗೇ ಇತ್ತು, ಗೋಡೆ ಮೇಲೆ ನೋಡು" ಅನ್ನುತ್ತಾರೆ. ಕಣ್ಣಿಗಿಂತ ಕ್ಯಾಲೆಂಡರ್ ದೊಡ್ಡದಾಗಿದೆ. ಅಮ್ಮ ಮಾತ್ರ ರೊಮ್ಮರ್ಟ್‌ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದಳು:

"ನಾನು ಮದುವೆಯಾಗಿ ಬಂದ ದಿನಾನೂ ಅದು ಹೀಗೇ ವಾಲಿತ್ತು. ಬೋಲ್ತಮ್‌ನೋರು ನಮ್ಮನ್ನ ಸೊಟ್ಟಗತ್ತಿನೋರು ಅನ್ನೋದು ಯಾವಾಗಿಂದ ಅಂತ ತಿಳ್ಕೊಂಡಿದ್ದೀಯ?"

"ಅಡ್ಡಹೆಸರನ್ನ ಅಳೆಯೋಕಾಗಲ್ಲ, ಗೇಸ್ಕೆ," ಅಂದ ಅವನು. "ಮೊಹರು ಬಿದ್ದ ಫೋಟೋ ಅಳೀಬಹುದು."

ಕೆಟ್ಟವನಲ್ಲ ಅವನು. ನಿಮ್ಮ ಮೊಹರನ್ನು ಇಡೀ ಪ್ರಾಂತ್ಯ ನಂಬುತ್ತದೆ ಎನ್ನುವಾಗ ಅವನ ದನಿಯಲ್ಲಿ ಗೌರವವಿತ್ತು. ಊರ ಸಮಿತಿಗೆ ನಿಮ್ಮಿಂದ ಒಂದು ಸಾಲು ಬೇಕಂತೆ: ಆ ದಿನ ರಸಮಟ್ಟ ನೋಡಿದ್ದೆ ಎಂದು. ಬರೆದುಕೊಟ್ಟರೆ ಜಗಳವಾದರೂ ನಿಲ್ಲುತ್ತದೆ. ಅಮ್ಮನೂ ಒಪ್ಪಿಕೊಳ್ಳುತ್ತಾಳೆ. ನಮ್ಮಪ್ಪ ನಲವತ್ತು ವರ್ಷ ಹತ್ತಿದ ಮೆಟ್ಟಿಲು ಅವು. ಹುಟ್ಟಿದವರಿಗೂ ಸತ್ತವರಿಗೂ ಅಲ್ಲಿಂದಲೇ ಗಂಟೆ. ಅಪ್ಪ ತೀರಿದಾಗ ಹಗ್ಗ ಎಳೆದವಳು ನಾನು.

ಹಿಸ್ಕೆ

*

ಉಟ್ನೆ
12 ಜುಲೈ 1998

ಹಿಸ್ಕೆ,

ನಿನ್ನ ಕಾಗದ ಬಂತು. ಇಲ್ಲಿ ಸೇಬು ಚೆನ್ನಾಗಿ ಕಾಯಿ ಕಚ್ಚಿದೆ. ಕೊಂಬೆಗಳಿಗೆ ಊರುಗೋಲು ಕೊಟ್ಟಿದ್ದೇವೆ. ಈ ನಾಡಿನಲ್ಲಿ ಒಂದು ಚಮಚ ಇಡುವಷ್ಟು ಜಾಗವೂ ಸಮನಾಗಿಲ್ಲ. ಎಲ್ಲ ಇಳಿಜಾರು. ಇಲ್ಲಿಗೆ ಬಂದು ನೆಲೆಸಿದ್ದು ಅದಕ್ಕೇ ಇರಬೇಕು ಎಂದು ರಾಗ್ನ್‌ಹಿಲ್ಡ್ ಹಾಸ್ಯ ಮಾಡುತ್ತಾಳೆ.

ವಾಲಿಕೆಯನ್ನು ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟು ಅಳೆದರೋ, ಫೋಟೋದಿಂದಲೋ? ಸರಿಯಾದ ಅಳತೆ ತಿಳಿಸು. ಗೋಡೆಯಲ್ಲಿ ಹೊಸ ಬಿರುಕುಗಳಿವೆಯೇ?

ಕೈ ತುಂಬಾ ನಡುಗುತ್ತಿದೆ, ಸಮಿತಿಗೆ ಕೊಡುವ ಕಾಗದ ಈಗ ಆಗುವುದಿಲ್ಲ.

ವಿಬ್ರೆನ್

*

ಹೆರ್ನವೀರ್
9 ಆಗಸ್ಟ್ 1998

ವಿಬ್ರೆನ್ ಅವರೇ,

ಹೊಸ ಬಿರುಕಿಲ್ಲ. ತೂಗುಗುಂಡಿನಲ್ಲೂ ಅಷ್ಟೇ ಬಂತು, ಒಂದು ಮೀಟರ್ ಹತ್ತು. ಬಿರುಕಿಲ್ಲದೆ ಇಷ್ಟು ಹೇಗೆ ಜರುಗಿತು ಎಂದು ರೊಮ್ಮರ್ಟ್‌ಗೂ ಆಶ್ಚರ್ಯ. ಜೇಡಿಮಣ್ಣಿನ ಮೇಲೆ ಇಡೀ ಗೋಪುರ ಒಟ್ಟಿಗೇ ಕೂತಿರಬೇಕು ಅನ್ನುತ್ತಾನೆ.

ನಾಲ್ಕು ಸಾಲಿನ ಕಾಗದದಲ್ಲಿ ಎರಡು ಸಾಲು ಸೇಬಿಗೆ ಕೊಟ್ಟಿರಿ. ಒಂದು ಸಾಲು ನಮಗೆ ಬರೆಯಲು ಕೈ ನಡುಗಿತು. ನಿಮಗೆ ಈ ಊರು ಯಾವುದೋ ಕಾಲದ ಹನ್ನೊಂದು ನೂರರಲ್ಲಿ ಒಂದು, ಅದು ನನಗೆ ಅರ್ಥವಾಗುತ್ತದೆ. ನಾನೇ ಸಲಿಗೆ ಜಾಸ್ತಿ ಮಾಡಿಕೊಂಡೆ.

ಸಾರುವೆ ಕಟ್ಟುವ ಮರಗಳು ಬಂದು ಬಿದ್ದಿವೆ. ಅಮ್ಮ ದಿನಾ ಮಧ್ಯಾಹ್ನ ಗೋಪುರದ ಬಾಗಿಲಲ್ಲಿ ಕುರ್ಚಿ ಹಾಕಿ ಹೆಣೆಯುತ್ತ ಕೂರುತ್ತಾಳೆ. ಕೆಲಸದವರು ದಾಟಿಕೊಂಡು ಹೋಗಬೇಕು. "ಎದ್ದೇಳಿ ಅಜ್ಜಿ" ಅಂದರೆ "ನಾನೇನು ವಾಲ್ತಿದ್ದೀನಾ?" ಅನ್ನುತ್ತಾಳೆ.

ಲೆನ್ಸು ಹಿಂದಕ್ಕೆ ಬೇಕಿದ್ದರೆ ತಿಳಿಸಿ. ಅದನ್ನು ಮುಟ್ಟಲು ಮನಸ್ಸಾಗುತ್ತಿಲ್ಲ.

ಹಿಸ್ಕೆ

*

ಉಟ್ನೆ
17 ಆಗಸ್ಟ್ 1998
ರಿಜಿಸ್ಟರ್ಡ್

ಹಿಸ್ಕೆ,

ಕೆಲಸ ನಿಲ್ಲಿಸಲು ಹೇಳು. ಮೊದಲು ಅದು, ಆಮೇಲೆ ಇದನ್ನು ಓದು. ಸ್ಮಾರಕ ಕಚೇರಿಗೂ ಇವತ್ತೇ ಬರೆದು ಹಾಕಿದ್ದೇನೆ. ನಡುಗುವ ಕೈಯಲ್ಲೇ ಬರೆದೆ. ಬರೆಯಲು ಬರುತ್ತಿತ್ತು, ಜುಲೈಯಲ್ಲೂ ಬರುತ್ತಿತ್ತು.

ಆ ದಿನ ನಾನು ರಸಮಟ್ಟ ನೋಡಲಿಲ್ಲ. ನೋಡಿದೆ, ನೋಡಿಯೂ ಗುಳ್ಳೆಯನ್ನು ಪಕ್ಕಕ್ಕೆ ಓಡಿಸಿದೆ. ನಿಮ್ಮ ಗೋಪುರ ಅವತ್ತೂ ಇವತ್ತಿನಷ್ಟೇ ವಾಲಿತ್ತು. ನಿನ್ನ ಫೋಟೋ ಸರಿ, ನನ್ನದು ಸುಳ್ಳು.

ಕ್ಯಾಲೆಂಡರ್‌ಗೆ ಫೋಟೋ ಬೇಕೆಂದು ಕರೆದವರು ನಿಮ್ಮ ಪಾದ್ರಿ. ಜೊತೆಗೆ ಕಾಲುವೆ ದಾಟಿಸಿಕೊಂಡು ಬಂದವನು ದೌವೆ. ಅವನು ಅಂದ: "ಬೋಲ್ತಮ್‌ನೋರ ಬಾಯಿ ಒಂದು ವರ್ಷನಾದ್ರೂ ಮುಚ್ಚಿಸಪ್ಪ. ಹಾಲಿಗೆ ನೀರು ಹಾಕೋ ಜನ, ನಮ್ಮ ಗೋಪುರಕ್ಕೆ ನಗ್ತಾರೆ." ತಮಾಷೆಗೆ ಅಂದದ್ದು. ತಮಾಷೆಯನ್ನು ಹಿಡಿದುಕೊಂಡವನು ನಾನು. "ಗುಮಾಸ್ತ" ಎಂದು ಕರೆಸಿಕೊಂಡು ಸಾಕಾಗಿತ್ತು. ಒಂದು ಸಲ ನಾನೂ ಚಂದದ ಫೋಟೋ ತೆಗೆಯಬಲ್ಲೆ ಎಂದು ತೋರಿಸಬೇಕಿತ್ತು. ಕ್ಯಾಮೆರಾವನ್ನೇ ಗೋಪುರದ ಕಡೆಗೆ ವಾಲಿಸಿದೆ. ಪೂರ್ತಿ ನೆಟ್ಟಗೆ ಮಾಡಿದರೆ ಯಾರೂ ನಂಬರು, ಒಂದು ಗೇಣು ಬಿಟ್ಟೆ. ಅಕ್ಕಪಕ್ಕದ ಮನೆಗಳು ಎದುರು ದಿಕ್ಕಿಗೆ ವಾಲಿ ಗುಟ್ಟು ಹೇಳುತ್ತವಲ್ಲ, ಅವನ್ನು ಎರಡನೆಯ ತಿರುಪಿನಿಂದ ಕರಗಿಸಿದೆ. ನೀನು ಮೆಚ್ಚಿ ಕಾಗದ ಬರೆದೆಯಲ್ಲ, ಆ ಕರಗುವಿಕೆ ಇದಕ್ಕೇ.

ಒಂದು ತೊಂದರೆ ಉಳಿಯಿತು: ದೌವೆ. ಕ್ಯಾಮೆರಾ ವಾಲಿದಾಗ ನೆಟ್ಟಗೆ ನಿಂತ ಮನುಷ್ಯ ಸೊಟ್ಟಗೆ ಕಾಣುತ್ತಾನೆ. "ಗೋಪುರದ ಜೊತೆ ನೀನೂ ವಾಲು" ಅಂದೆ. ಪ್ರಯತ್ನಪಟ್ಟ, ಸೊಂಟ ಬಳುಕಿತು. ಕೊನೆಗೆ ಅವನೇ ಉಪಾಯ ಮಾಡಿದ. ಎಡಗಾಲಿನ ಮರದ ಬೂಟು ಕಳಚಿ, ಚಿತ್ರದಲ್ಲಿ ಕಾಣದಿರಲೆಂದು ನಾನಿದ್ದ ದಂಡೆಗೆ ಎಸೆದ. ಒಂದು ಕಾಲು ಎತ್ತರ, ಒಂದು ತಗ್ಗು, ಬೀಳದಂತೆ ಬಾಗಿಲ ಬಳೆ. ಮೋಡ ಸರಿಯಲೆಂದು ಇಪ್ಪತ್ತು ನಿಮಿಷ ಹಾಗೇ ನಿಂತಿದ್ದ. ಆ ಮುಖದ ಮೇಲಿನದು ಗಾಳಿಯಲ್ಲ, ಹಿಸ್ಕೆ.

ನಾಲ್ಕನೆಯ ಫೋಟೋಗೆ ಸರಿಯುವಾಗ ನನ್ನ ಕಾಲು ತಾಗಿ ಬೂಟು ನೀರಿಗೆ ಬಿತ್ತು. ಅಷ್ಟರಲ್ಲಿ ತೂಬಿನ ಬಾಯಿ ತೆರೆದಿದ್ದರು, ನೀರು ಎಳೆದುಕೊಂಡು ಹೋಯಿತು. ಹೊಸದು ಕೊಡಿಸುತ್ತೇನೆ ಎಂದೆ. "ಬೇಡ, ಗೇಸ್ಕೆ ಕೇಳಿದ್ರೆ ಏನಾದ್ರೂ ಹೇಳ್ತೀನಿ" ಅಂದ. ಯಾರಿಗೂ ಹೇಳಬೇಡ ಎಂದು ನಾನು ಕೈ ಹಿಡಿದು ಕೇಳಿಕೊಂಡೆ. ಕಚೇರಿಗೆ ತಿಳಿದರೆ ನನ್ನ ಹನ್ನೊಂದು ನೂರೂ ನೀರುಪಾಲು. ಅವನು ತಲೆಯಾಡಿಸಿದ. ಹೆಂಡತಿಗೂ ಹೇಳದೆ ಹದಿನೇಳು ವರ್ಷ ಆ ಮಾತು ಉಳಿಸಿಕೊಂಡ ಎಂದು ನಿನ್ನ ಮೇ ತಿಂಗಳ ಕಾಗದ ಓದುವವರೆಗೂ ನನಗೆ ಗೊತ್ತಿರಲಿಲ್ಲ.

ಆ ಸಂಜೆ ಒಣಗಿದ ಪ್ರಿಂಟುಗಳ ರಾಶಿಗೆ ಒಂದಾದ ಮೇಲೊಂದು ಮೊಹರು ಹಾಕುತ್ತ ಹೋದೆ. ಕೈಯ ಅಭ್ಯಾಸ. ಅದರಲ್ಲಿ ಇದೂ ಒಂದಿತ್ತು, ಕಡತಕ್ಕೆ ಹೋಯಿತು. ಅದೇ ವಾರ ನನಗೆ ತಿಳಿದಿತ್ತು. ಹೋಗಿ ಹಿಂದಕ್ಕೆ ಕೇಳಬಹುದಿತ್ತು. ಅಷ್ಟರಲ್ಲಿ ಆ ಫೋಟೋಗೆ ಬಹುಮಾನ ಬಂತು. ನನಗೆ ನಾಚಿಕೆಯಾಗಿದೆ. ನಿನ್ನ ಕೈಯಲ್ಲಿ ತಪ್ಪಿದೆ ಎಂದು ಮೇಯಲ್ಲಿ ಬರೆದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ.

ಇದರೊಳಗೆ ಆರು ನೆಗೆಟಿವ್‌ಗಳ ಪಟ್ಟಿಯಿದೆ. ಕ್ಯಾಲೆಂಡರ್‌ನದು ಮೂರನೆಯದು. ಪ್ರಿಂಟು ಮಾಡುವಾಗ ನಾನು ಕತ್ತರಿಸಿ ಹಾಕಿದ ಕೆಳಭಾಗ ಅದರಲ್ಲಿ ಹಾಗೇ ಇದೆ. ಆಗ ನೀರು ನಿಶ್ಚಲವಾಗಿತ್ತು. ದೌವೆಯ ತಲೆಯಿಂದ ನೀರೊಳಗಿನ ಅವನ ಪ್ರತಿಬಿಂಬದ ತಲೆಗೆ ಗೆರೆ ಎಳೆಯಲು ರೊಮ್ಮರ್ಟ್‌ಗೆ ಹೇಳು. ಕ್ಯಾಮೆರಾ ವಾಲಲಿ, ಮನುಷ್ಯ ವಾಲಲಿ, ಆ ಗೆರೆ ಮಾತ್ರ ನೆಲಕ್ಕೆ ನೆಟ್ಟಗೇ ಇರುತ್ತದೆ; ನೀರಿಗಿಂತ ದೊಡ್ಡ ತೂಗುಗುಂಡಿಲ್ಲ. ಆ ಗೆರೆಯಿಂದ ಗೋಪುರ ಎಷ್ಟು ವಾಲಿದೆ ಎಂದು ಅಳೆಯಲಿ.

ಆ ಮೊಹರನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ್ದೇನೆ. ದೌವೆಯಂಥ ಗೆಳೆತನವನ್ನು ನಾನು ಗಳಿಸಿದ್ದಲ್ಲ, ಅವನು ಕೊಟ್ಟದ್ದು. ಅದಕ್ಕೆ ಕೃತಜ್ಞತೆ ಹೇಳುವ ಮೊದಲೇ ಅವನು ಹೋದ. ಗೇಸ್ಕೆಗೆ ಹೇಳು, ಬೋಲ್ತಮ್‌ನಲ್ಲಿ ಯಾರೂ ಇರಲಿಲ್ಲ.

ವಿಬ್ರೆನ್ ಹೋಕೆಮಾ

*

ಹೆರ್ನವೀರ್
6 ಸೆಪ್ಟೆಂಬರ್ 1998

ವಿಬ್ರೆನ್ ಅವರೇ,

ಗೋಪುರ ಉಳಿಯಿತು. ಇದನ್ನು ಬರೆಯುವಾಗ ಕಿಟಕಿಯಿಂದ ಕಾಣುತ್ತಿದೆ, ಸೊಟ್ಟಗೆ, ನಮ್ಮ ಪುಣ್ಯ.

ರೊಮ್ಮರ್ಟ್ ನೆಗೆಟಿವನ್ನು ದೊಡ್ಡದು ಮಾಡಿ ನೀವು ಹೇಳಿದ ಗೆರೆ ಎಳೆದ. ಅಳೆದ, ಅಳಿಸಿದ, ಮತ್ತೆ ಅಳೆದ. ಒಂದು ಮೀಟರ್ ಒಂಬತ್ತೋ ಹತ್ತೋ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆರಳಿನಷ್ಟೂ ಜರುಗಿಲ್ಲ. ಪೆನ್ಸಿಲ್ ಕೆಳಗಿಟ್ಟು ಅಂದ, "ಗೇಸ್ಕೆ, ನಿಮ್ಮ ಕಣ್ಣಿಗೆ ನಾನು ಮೊದಲೇ ಮೊಹರು ಹಾಕ್ಬೇಕಿತ್ತು." ಸಾರುವೆ ಮರಗಳನ್ನು ಹೇರಿಕೊಂಡು ಹೋದರು. ಬುನಾದಿ ನೋಡಲು ವರ್ಷಕ್ಕೊಮ್ಮೆ ಬರುತ್ತಾನಂತೆ. ಸ್ಮಾರಕ ಕಚೇರಿಯವರು ನಿಮ್ಮ ಹನ್ನೊಂದು ನೂರರಲ್ಲಿ ಕೈಗೆ ಸಿಕ್ಕ ಹತ್ತನ್ನು ತೆಗೆದು ಪರೀಕ್ಷಿಸಿದರಂತೆ. ಹತ್ತೂ ಸರಿ. ಈ ಒಂದಕ್ಕೆ ಚೀಟಿ ಅಂಟಿಸಿದ್ದಾರೆ.

ನಿಮ್ಮ ಮೇಲೆ ಸಿಟ್ಟು ಬಂತು. ಮೂರು ದಿನ ಇತ್ತು. ಸುಳ್ಳಿಗೆ ಬಂದದ್ದಲ್ಲ, ಜುಲೈಯ ಸೇಬಿಗೆ ಬಂದದ್ದು. ನಾಲ್ಕನೆಯ ದಿನ ಬಚ್ಚಲುಮನೆಯಲ್ಲಿ ಆರನೆಯ ನೆಗೆಟಿವನ್ನು ಪ್ರಿಂಟು ಮಾಡಿದೆ. ರಾಸಾಯನಿಕದ ತಟ್ಟೆಯೊಳಗೆ ಅಪ್ಪ ನಿಧಾನಕ್ಕೆ ಮೇಲೆ ಬಂದರು. ಬೂಟು ಕಾಲುವೆಯಲ್ಲಿ ತೇಲಿಹೋಗುತ್ತಿದೆ, ಅಪ್ಪ ಒಂಟಿ ಬೂಟಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಬಾಯಿ ತೆರೆದು ನಗುವ ಅಪ್ಪನ ಫೋಟೋ ನಮ್ಮಲ್ಲಿ ಒಂದೂ ಇರಲಿಲ್ಲ. ಅಲ್ಲಿಗೆ ಸಿಟ್ಟು ಹೋಯಿತು. ಅದರದೊಂದು ಪ್ರತಿ ಇದರ ಜೊತೆಗಿದೆ.

ಅಮ್ಮನ ಕೈಗೆ ಆ ಪ್ರಿಂಟನ್ನೂ ಭೂತಗನ್ನಡಿಯನ್ನೂ ಕೊಟ್ಟು ನಿಮ್ಮ ಕಾಗದ ಓದಿ ಹೇಳಿದೆ. ಅವಳು ಪ್ರಿಂಟಿನಲ್ಲಿ ಅಪ್ಪನ ಎಡಗಾಲಿನ ಕಾಲುಚೀಲವನ್ನೇ ನೋಡುತ್ತಿದ್ದಳು.

"ನಾನು ಹೆಣೆದದ್ದು ಅದು," ಅಂದಳು. "ಹಿಮ್ಮಡಿ ಹತ್ರ ತೇಪೆ ಹಾಕಿದ್ದೆ, ನೋಡು."

ಆಮೇಲೆ ಅಂದಳು: "ಹದಿನೇಳು ವರ್ಷ ಚುಚ್ಚಿದೆನಲ್ಲೇ. ಒಂದು ದಿನನೂ ತಿರುಗಿಸಿ ಅನ್ಲಿಲ್ಲ, ಮಹಾರಾಯ." ಹೇಳುತ್ತ ಅತ್ತಳು, ಅಳುತ್ತಲೇ ನಕ್ಕಳು. ಕ್ಲಿಪ್ಪುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಬೂಟು ತೊಳೆದು, ಒಲೆಯ ಪಕ್ಕ ಒಣಗಲು ಇಟ್ಟಳು.

ನಿಮಗೆ ಹೇಳು ಎಂದಳು: ಅವನು ಮಾತು ಉಳಿಸಿಕೊಂಡದ್ದನ್ನು ನನಗೆ ತಂದುಕೊಟ್ಟವನು ವಿಬ್ರೆನ್, ಇಲ್ಲದಿದ್ದರೆ ಅನುಮಾನ ಕಟ್ಟಿಕೊಂಡೇ ಸಾಯುತ್ತಿದ್ದೆ.

ನಿಮ್ಮ ಹಿಸ್ಕೆ

*

ಹೆರ್ನವೀರ್
11 ಅಕ್ಟೋಬರ್ 1998

ವಿಬ್ರೆನ್ ಅವರೇ,

ನಿನ್ನೆ ಮತ್ತೆ ಲೆನ್ಸು ತೆಗೆದೆ. ಊರವರು ಹೊಸ ಕ್ಯಾಲೆಂಡರ್ ಮಾಡಿಸುತ್ತಾರಂತೆ, ಈ ಸಲ ಸೊಟ್ಟಗೋಪುರದ್ದೇ. ಬೋಲ್ತಮ್‌ನವರಿಗೂ ಒಂದೊಂದು ಪ್ರತಿ ಹಂಚುವುದೆಂದು ತೀರ್ಮಾನವಾಗಿದೆ.

ನಿಮ್ಮ ಜಾಗದಲ್ಲೇ ಮುಕ್ಕಾಲಿ ಊರಿದೆ. ಗುಳ್ಳೆ ನಡುವೆ ನಿಂತಿತ್ತು, ಮೂರು ಸಲ ನೋಡಿದೆ. ಎರಡನೆಯ ತಿರುಪನ್ನೂ ತಿರುಗಿಸಿದೆ. ನೀವು ಮುಚ್ಚಲು ಬಳಸಿದ್ದನ್ನು ನಾನು ಚಂದಕ್ಕೆ ಬಳಸಿದರೆ ತಪ್ಪಿಲ್ಲವಲ್ಲ. ಗೋಪುರ, ಬಾಗಿಲು, ಕೆಳಗಿನ ನೀರು, ಇವಿಷ್ಟು ಸ್ಪಷ್ಟವಾಗಿವೆ. ಏನನ್ನೂ ಕತ್ತರಿಸಿಲ್ಲ.

ಬಾಗಿಲಲ್ಲಿ ಅಮ್ಮ ತಾನಾಗೇ ಬಂದು ನಿಂತಳು. ಬಲಗಾಲಿಗೆ ಅಪ್ಪನ ಬೂಟು, ಎಡಗಾಲಲ್ಲಿ ಬರೀ ಕಾಲುಚೀಲ. ಗೋಪುರ ಹೇಗೋ ಹಾಗೇ ಅವಳೂ ವಾಲಿದಳು.

"ಅಮ್ಮಾ, ಕ್ಯಾಮೆರಾ ನೆಟ್ಟಗಿದೆ, ನೀನು ವಾಲಿದ್ದು ಹಾಗೇ ಕಾಣುತ್ತೆ," ಅಂದೆ.

"ಕಾಣ್ಲಿ. ನಿಮ್ಮಪ್ಪ ನೆಟ್ಟಗೆ ಕಾಣೋಕೆ ವಾಲಿದ. ನಾನು ವಾಲಿದ್ದು ಕಾಣೋಕೇ ವಾಲ್ತೀನಿ. ಬೇಗ ಒತ್ತು, ಕಾಲು ಒದ್ದೆಯಾಯ್ತು."

ಎರಡು ಪ್ರಿಂಟು ಇಟ್ಟಿದ್ದೇನೆ. ಒಂದು ನಿಮಗೆ. ಇನ್ನೊಂದು ಸ್ಮಾರಕ ಕಚೇರಿಯ ಕಡತಕ್ಕೆ, ಚೀಟಿ ಅಂಟಿಸಿದ್ದರ ಪಕ್ಕದಲ್ಲಿ ಇಡಲು. ಅದರ ಬೆನ್ನಿಗೆ ಮೊಹರು ಬೇಕು. ನನ್ನ ಹತ್ತಿರ ಮೊಹರಿಲ್ಲ. ದಯವಿಟ್ಟು ಖಾನೆಯ ಬೀಗ ತೆಗೆಯಿರಿ.

ಹಿಸ್ಕೆ

*

ಉಟ್ನೆ
24 ಅಕ್ಟೋಬರ್ 1998

ಹಿಸ್ಕೆ,

ಗೇಸ್ಕೆಯನ್ನು ಕಿಟಕಿಯ ಮೇಲೆ, ನಗುವ ದೌವೆಯ ಪಕ್ಕದಲ್ಲಿ ನಿಲ್ಲಿಸಿದ್ದೇವೆ. ಇಬ್ಬರಿಗೂ ಸೇರಿ ಒಂದೇ ಒಂದು ಬೂಟು ಎಂದು ರಾಗ್ನ್‌ಹಿಲ್ಡ್ ನಕ್ಕಳು. ಅವಳು ಸೇಬು ಬಿಡಿಸಲು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ನಿನಗೆ, ಅವಳಿಗೆ, ಅವನಿಗೆ, ಯಾರಿಗೆ ಮೊದಲು ಕೈ ಮುಗಿಯುವುದೋ ತಿಳಿಯಲಿಲ್ಲ.

ಬೀಗ ತೆಗೆದೆ. ಶಾಯಿ ಒಣಗಿತ್ತು, ಎರಡು ಹನಿ ನೀರು ಹಾಕಿದೆ. ಮೊಹರು ಒತ್ತುವ ಮೊದಲು ಭೂತಗನ್ನಡಿ ಹಿಡಿದು, ಗೇಸ್ಕೆಯ ತಲೆಯಿಂದ ನೀರೊಳಗಿನ ಅವಳ ತಲೆಗೆ ಗೆರೆ ಎಳೆದು ನೋಡಿದೆ. ಚೌಕಟ್ಟಿನ ಅಂಚಿಗೆ ಸಮಾನಾಂತರ. ನೀನು ಸುಳ್ಳಾಡಿಲ್ಲ.

ಹಾಕಿದ್ದೇನೆ, ಕಳಿಸುತ್ತಿದ್ದೇನೆ. ಮೊಹರಿನಲ್ಲಿದ್ದ ನನ್ನ ಹೆಸರನ್ನು ಕೆರೆದು ತೆಗೆದೆ, ನಿನ್ನ ಹೆಸರು ನೀನು ಬರೆದುಕೋ. ಕೈ ನಡುಗಿ ಮೊಹರು ಸೊಟ್ಟಗೆ ಬಿದ್ದಿದೆ. ಅದನ್ನು ಸರಿಮಾಡಲು ಹೋಗಲಿಲ್ಲ.

ವಿಬ್ರೆನ್